ಕುದುರೆಯ ತುರಿಕೆ: ಸ್ವೀಟ್ ಇಚ್ ಮತ್ತು ಕೀಟಬಾಧೆಯನ್ನು ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ರೋಹಿಣಿ ಮಳೆ ಬಿದ್ದು ಹತ್ತು-ಹನ್ನೆರಡು ದಿನ ಕಳೆಯುವಷ್ಟರಲ್ಲಿ ನಮ್ಮ ಹೆಣ್ಣುಕುದುರೆ ಲಾಯದ ಮುಂದಿನ ಬೇವಿನ ಬೊಡ್ಡೆಗೆ ಬೆನ್ನು ತಿರುಗಿಸಿ ನಿಂತು ಬಾಲದ ಬುಡವನ್ನು ಉಜ್ಜತೊಡಗುತ್ತಿತ್ತು. ಮೊದಲ ವರ್ಷ ಅದನ್ನು ಮೈಮುರಿಯುವ ಆಟವೆಂದುಕೊಂಡೆವು. ನಾಗಪಂಚಮಿ ಹೊತ್ತಿಗೆ ಬಾಲದ ಬುಡದಲ್ಲಿ ಕೂದಲೇ ಉಳಿದಿರಲಿಲ್ಲ. ಕುತ್ತಿಗೆಯ ಅಯಾಲು ತುಂಡುತುಂಡಾಗಿ ನಿಂತಿತ್ತು. ಬೊಡ್ಡೆಯ ತೊಗಟೆಗೆ ರಕ್ತ ಅಂಟಿತ್ತು. ಎರಡು ಮಳೆಗಾಲ ಗಾಯಕ್ಕೆ ಮುಲಾಮು ಹಚ್ಚುತ್ತಲೇ ಕಳೆದ ಮೇಲೆ ನನಗೆ ತಿಳಿದದ್ದಿಷ್ಟು: ಈ ಬಾಧೆಯಲ್ಲಿ ಗಾಯಕ್ಕೆ ಕೊಡುವ ಮದ್ದಿಗಿಂತ ಹೊತ್ತಿಗೆ ಮಾಡುವ ಕೆಲಸ ದೊಡ್ಡದು. ಕುದುರೆ ಮೊದಲ ಸಲ ಮೈ ಉಜ್ಜುವುದಕ್ಕೆ ಮುಂಚೆಯೇ ನಮ್ಮ ಕೆಲಸ ಶುರುವಾಗಬೇಕು. ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಟಾಂಗಾದ ಕುದುರೆ, ಮದುವೆ ಮೆರವಣಿಗೆಯ ಕುದುರೆ ಅಥವಾ ಕುರಿಗಾರರ ಸಾಮಾನು ಹೊರುವ ತಟ್ಟು ಸಾಕಿದವರಿಗಾಗಿ ಆ ಕೆಲಸವನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಕಚ್ಚುವುದು ಯಾವುದು

ಸ್ವೀಟ್ ಇಚ್ ಎಂಬುದು ಸೋಂಕುರೋಗವಲ್ಲ. ಒಂದು ಕುದುರೆಯಿಂದ ಇನ್ನೊಂದಕ್ಕೆ ಹರಡುವುದೂ ಇಲ್ಲ. ಕ್ಯುಲಿಕಾಯ್ಡಿಸ್ ಎಂಬ ಕುಲದ ಕಚ್ಚುವ ನೊರಜು ರಕ್ತ ಹೀರುವಾಗ ಬಿಡುವ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಕೆಲವು ಕುದುರೆಗಳ ಮೈ ಅತಿಯಾಗಿ ಪ್ರತಿಕ್ರಿಯಿಸುವುದೇ ಈ ಅಲರ್ಜಿ. ನೊರಜಿನ ಉದ್ದ 1ರಿಂದ 3 ಮಿಲಿಮೀಟರ್ ಮಾತ್ರ. ಕಚ್ಚುವುದು ಹೆಣ್ಣು ನೊರಜು ಮಾತ್ರ, ಮೊಟ್ಟೆ ಕಟ್ಟಲು ಅದಕ್ಕೆ ರಕ್ತ ಬೇಕು. ಒಂದೇ ಲಾಯದಲ್ಲಿ ನಾಲ್ಕು ಕುದುರೆಗಳಿದ್ದು ನಾಲ್ಕನ್ನೂ ನೊರಜು ಕಚ್ಚಿದರೂ, ಅಲರ್ಜಿ ಇರುವ ಒಂದು ಮಾತ್ರ ಮೈ ಹರಿದುಕೊಳ್ಳುತ್ತದೆ. ಉಳಿದ ಮೂರು ಸುಮ್ಮನೆ ಮೇವು ತಿನ್ನುತ್ತಿರುತ್ತವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದ ವಯಸ್ಸಿನಲ್ಲಿ ಮೊದಲು ಕಾಣಿಸಿಕೊಂಡು, ವರ್ಷದಿಂದ ವರ್ಷಕ್ಕೆ ಬಲಿಯುತ್ತ ಹೋಗುತ್ತದೆ. ಈ ಒಲವು ತಾಯಿ-ತಂದೆಯಿಂದ ಮರಿಗೆ ಬರುವುದರಿಂದ, ಬಾಧೆ ಜೋರಾಗಿರುವ ಕುದುರೆಯಿಂದ ಮರಿ ಮಾಡಿಸಬಾರದು.

ಒಲವಿದ್ದರೂ ಕಚ್ಚುವ ನೊರಜು ಸಿಕ್ಕಾಗಲೇ ಬಾಧೆ ಏಳುತ್ತದೆ ಎಂಬುದನ್ನು ಐಸ್‌ಲ್ಯಾಂಡಿನ ಕುದುರೆಗಳ ಉದಾಹರಣೆ ಚೆನ್ನಾಗಿ ತಿಳಿಸುತ್ತದೆ. ಸ್ವಂತ ದ್ವೀಪದಲ್ಲಿ ಅವಕ್ಕೆ ಈ ಬಾಧೆ ಇಲ್ಲ; ಯುರೋಪಿನ ಮುಖ್ಯಭೂಮಿಗೆ ಒಯ್ದ ಮೇಲೆ ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಇದಕ್ಕೆ ತುತ್ತಾಗುತ್ತವೆ. ಆದ್ದರಿಂದ ಒಣ ಊರಿನಲ್ಲಿ ಆರೋಗ್ಯವಾಗಿದ್ದ ಕುದುರೆ ಕಾಲುವೆಯ ದಂಡೆಯ ಊರಿಗೆ ಬಂದ ಮೇಲೆ ತುರಿಸಿಕೊಳ್ಳತೊಡಗಿದರೆ, ಮಾರಿದವನು ಮೋಸ ಮಾಡಿದನೆಂದೇ ತೀರ್ಮಾನಿಸಬೇಕಿಲ್ಲ.

ನೊರಜಿಗೆ ಬೇಕಾದದ್ದು ತುಂಬಿದ ಕೆರೆಗಿಂತ ಹೆಚ್ಚಾಗಿ ಹಸಿ ಕೆಸರು. ನೀರು ತುಂಬಿಡುವ ಹೌದದ ಸುತ್ತಲಿನ ರಾಡಿ, ಬಚ್ಚಲ ನೀರು ಹರಿಯುವ ಕಾಲುವೆ, ದನದ ಸಗಣಿ, ಭತ್ತದ ಗದ್ದೆಯ ಅಂಚು ಇವೇ ಅದರ ತೊಟ್ಟಿಲು. ಮಣ್ಣಿನ ಗುಣ ಇಲ್ಲಿ ಬಹಳ ಮುಖ್ಯ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಮಳೆನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ. ಕಲಬುರಗಿಯ ಎರೆಭೂಮಿಯಲ್ಲಿ ಒಂದು ದೊಡ್ಡ ಮಳೆಯ ರಾಡಿ ದಿನಗಟ್ಟಲೆ ಆರುವುದಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಭಾಗದಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವುದರಿಂದ, ಮಳೆಗಾಲ ಮುಗಿದ ಮೇಲೂ ಗದ್ದೆಗಳಲ್ಲಿ ಹಸಿ ಉಳಿದು ನೊರಜಿನ ಕಾಲ ಮುಂದಕ್ಕೆ ಎಳೆಯುತ್ತದೆ. ನಿಮ್ಮ ಊರಿನ ನೆಲ ಯಾವುದೆಂದು ನೋಡಿಕೊಂಡು ನಿಮ್ಮ ಕ್ಯಾಲೆಂಡರನ್ನು ನೀವೇ ಬರೆದುಕೊಳ್ಳಬೇಕು.

ಮೊದಲ ಹೆಜ್ಜೆ: ತುರಿಕೆ ಇದರದ್ದೇ ಎಂದು ಗುರುತಿಸುವುದು

ಸಂಜೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷವಾದ ಮೇಲೆ, ಗಾಳಿ ನಿಂತಿರುವ ದಿನ, ಕೈಯಲ್ಲಿ ಟಾರ್ಚ್ ಹಿಡಿದು ಕುದುರೆಯ ಪಕ್ಕ ಕುಳಿತುಕೊಳ್ಳಿ. ಹೊಟ್ಟೆಯ ನಡುಗೆರೆಯಲ್ಲಿ, ಹೊಕ್ಕುಳಿನ ಸುತ್ತ, ಬೆಳಕನ್ನು ಓರೆಯಾಗಿ ಬಿಟ್ಟರೆ ಗಸಗಸೆ ಕಾಳಿನಂಥ ಕಪ್ಪು ಚುಕ್ಕೆಗಳು ಕೂದಲಿನ ನಡುವೆ ಕೂತಿರುವುದು ಕಾಣುತ್ತದೆ. ಒಂದನ್ನು ಬೆರಳಿನಿಂದ ಒತ್ತಿದರೆ ಬೆರಳತುದಿಯಲ್ಲಿ ಸಣ್ಣ ಕೆಂಪು ಕಲೆ ಮೂಡುತ್ತದೆ. ಅದು ನಿಮ್ಮ ಕುದುರೆಯ ರಕ್ತ. ನಂತರ ಅಯಾಲನ್ನು ಬೈತಲೆ ತೆಗೆದಂತೆ ಬಿಡಿಸಿ ನೋಡಿ. ಬುಡದಲ್ಲಿ ದಪ್ಪ ರವೆಯಂಥ ಹೊಪ್ಪಳಿಕೆ ಕೈಗೆ ತಾಗುತ್ತದೆ, ಚರ್ಮ ಬಿಸಿಯಾಗಿರುತ್ತದೆ, ಹಳೆಯ ಬಾಧೆಯಾದರೆ ಅಡ್ಡಡ್ಡ ಮಡಿಕೆಗಳು ಬಿದ್ದಿರುತ್ತವೆ. ಅಲ್ಲಿ ಮೆಲ್ಲಗೆ ತುರಿಸಿದರೆ ಕುದುರೆ ಮೇಲ್ದುಟಿಯನ್ನು ಮುಂದೆ ಚಾಚಿ ನಡುಗಿಸುತ್ತ ನಿಮ್ಮ ಕೈಗೇ ಒರಗುತ್ತದೆ.

ಅಯಾಲು, ಬಾಲದ ಬುಡ, ಮುಖ, ಕಿವಿ ಹಾಗೂ ಹೊಟ್ಟೆಯ ನಡುಗೆರೆ ಈ ಜಾಗಗಳಲ್ಲಿ ತುರಿಕೆ ಇದ್ದು, ಮಳೆಗಾಲದಲ್ಲಿ ಏರಿ ಚಳಿಗಾಲದಲ್ಲಿ ಇಳಿದರೆ ಅದು ಬಹುತೇಕ ಸ್ವೀಟ್ ಇಚ್ ಆಗಿರುತ್ತದೆ. ಆದರೂ ಬೇರೆ ಕಾರಣಗಳನ್ನು ತಳ್ಳಿಹಾಕಿಯೇ ಮುಂದುವರಿಯಬೇಕು. ಬಾಲದ ಬುಡ ಮಾತ್ರ ಉಜ್ಜುವ ಕುದುರೆಗೆ ಪಿನ್‌ವರ್ಮ್ ಎಂಬ ಹೊಟ್ಟೆಹುಳು ಇರಬಹುದು. ಬೆಳಿಗ್ಗೆ ಮೈ ತೊಳೆಯುವ ಮುನ್ನ ಗುದದ ಸುತ್ತ ಪಾರದರ್ಶಕ ಅಂಟುಪಟ್ಟಿಯನ್ನು ಒತ್ತಿ ತೆಗೆದು ಪಶುವೈದ್ಯರಿಗೆ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಾಣುತ್ತವೆ. ಕೂದಲ ಬುಡದಲ್ಲಿ ಹೇನು ಕಂಡರೆ, ಕಾಲಿನ ಕೆಳಭಾಗದಲ್ಲಿ ಕಜ್ಜಿ ಇದ್ದರೆ, ದುಂಡಗೆ ಕೂದಲು ಉದುರಿದ ಹುಳುಕಡ್ಡಿಯ ಮಚ್ಚೆಗಳಿದ್ದರೆ ಅದರ ಚಿಕಿತ್ಸೆಯೇ ಬೇರೆ. ಜೀನು ಮತ್ತು ಪಟ್ಟಿ ಉಜ್ಜುವ ಜಾಗದಲ್ಲಿ ಮಾತ್ರ ಗಾಯವಿದ್ದರೆ ತಪ್ಪು ನೊರಜಿನದಲ್ಲ, ಸಜ್ಜಿನದು. ಅನುಮಾನ ಉಳಿದರೆ ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಬಹುದು. ಕುದುರೆಯನ್ನು ಸಾಗಿಸಲಾಗದವರು ಪಶುಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.

ಎರಡನೆಯ ಹೆಜ್ಜೆ: ಹೊತ್ತು ಕಾಯುವುದು

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ, ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ನೊರಜು ಅತಿಯಾಗಿ ಕಚ್ಚುವುದು ಸಂಜೆ ಹೊತ್ತು ಮುಳುಗುವ ಆಸುಪಾಸಿನಲ್ಲಿ ಮತ್ತು ಬೆಳಗಿನ ಜಾವದಲ್ಲಿ. ಕಲಬುರಗಿಯಲ್ಲಿ ನಲವತ್ತು ವರ್ಷ ಟಾಂಗಾ ಓಡಿಸಿದ ಹಿರಿಯರೊಬ್ಬರು ನನ್ನ ಕುದುರೆಯ ಬಾಲ ನೋಡಿ, ‘ತಮ್ಮಾ, ಹೊತ್ತು ಮುಳುಗೂದಕ್ಕಿಂತ ಮದ್ಲೇ ಒಳಗ ಕಟ್ಟು, ಬಿಸಿಲು ಬಿದ್ದ ಮ್ಯಾಗ ಹೊರಗ ಬಿಡು’ ಎಂದಿದ್ದರು. ಕಾಕಾ ಹೇಳಿದ ಆ ಒಂದು ಮಾತಿನ ಬೆಲೆ ನಾನು ಕೊಂಡ ಎಲ್ಲ ಡಬ್ಬಿಗಳಿಗಿಂತ ಹೆಚ್ಚು. ಸೂರ್ಯಾಸ್ತಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಕುದುರೆ ಲಾಯದೊಳಗಿರಬೇಕು. ಬೆಳಿಗ್ಗೆ ಬಿಸಿಲು ಚೆನ್ನಾಗಿ ಹತ್ತಿದ ಮೇಲೆಯೇ ಹೊರಗೆ ಬಿಡಬೇಕು. ಮೋಡ ಮುಸುಕಿ, ಗಾಳಿ ಬಿದ್ದು, ಸೆಖೆ ಹಿಡಿದ ದಿನ ನೊರಜು ಹಗಲಲ್ಲೂ ಏಳುವುದರಿಂದ ಅಂಥ ದಿನ ಮೇಯಲು ಬಿಡದಿರುವುದೇ ಲೇಸು.

ಮೇಯಿಸುವ ಜಾಗವನ್ನು ಆರಿಸುವಾಗ ಹಳ್ಳದ ದಂಡೆಯ ಹಸಿರು ಹುಲ್ಲಿಗಿಂತ ಗಾಳಿ ಬೀಸುವ ದಿಬ್ಬದ ಒಣ ಹುಲ್ಲೇ ಒಳ್ಳೆಯದು. ನೊರಜಿಗೆ ಹಾರುವ ಶಕ್ತಿ ಕಡಿಮೆ. ಗಾಳಿ ಗಂಟೆಗೆ ಸುಮಾರು 10 ಕಿಲೋಮೀಟರ್ ಮೀರಿದರೆ ಅದು ಹಾರಲು ಹಿಂಜರಿಯುತ್ತದೆ.

ಮದುವೆ ಮೆರವಣಿಗೆಯ ಕುದುರೆಗಳನ್ನು ಸಾಕುವವರಿಗೆ ಈ ನಿಯಮ ಪಾಲಿಸುವುದು ಕಷ್ಟವೆಂದು ಬಲ್ಲೆ, ಏಕೆಂದರೆ ಅವರ ದುಡಿಮೆಯೆಲ್ಲ ಸಂಜೆಯೇ, ಅದೂ ಕೀಟಗಳನ್ನು ಕರೆಯುವ ಝಗಝಗಿಸುವ ದೀಪಗಳ ನಡುವೆ. ಅಂಥ ದಿನ ಹೊರಡುವ ಅರ್ಧ ಗಂಟೆ ಮೊದಲು ಮುಂದೆ ಹೇಳುವ ಲೇಪನವನ್ನು ಹಚ್ಚಿ, ಮುಗಿದ ಕೂಡಲೇ ಒಳಗೆ ಕಟ್ಟಬೇಕು. ಗಾಯವಾದ ಬಾಲಕ್ಕೆ ಮೆಹಂದಿ ಅಥವಾ ಬಣ್ಣ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ.

ಮೂರನೆಯ ಹೆಜ್ಜೆ: ಲಾಯವನ್ನು ನೊರಜಿಗೆ ಒಗ್ಗದಂತೆ ಮಾಡುವುದು

ಕುದುರೆಯನ್ನು ಒಳಗೆ ಕಟ್ಟಿದರಷ್ಟೇ ಸಾಲದು. ನೊರಜು ಒಳಗೂ ಬರುತ್ತದೆ. ಕಿಟಕಿಗೆ ಹಾಕುವ ಸಾಮಾನ್ಯ ಸೊಳ್ಳೆ ಜಾಲರಿಯ ಕಣ್ಣು ಒಂದು ಮಿಲಿಮೀಟರಿಗಿಂತ ದೊಡ್ಡದಿರುವುದರಿಂದ ಸಣ್ಣ ನೊರಜು ಅದರೊಳಗೆ ನುಸುಳುತ್ತದೆ. ತರಕಾರಿ ಸಸಿಮಡಿಗೆ ಬಳಸುವ 40 ಮೆಶ್ (ಒಂದು ಇಂಚಿಗೆ 40 ಕಣ್ಣು) ಕೀಟತಡೆ ನೆಟ್ ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಅದು ಈ ಕೆಲಸಕ್ಕೆ ಸರಿಹೊಂದುತ್ತದೆ. ಬಾಗಿಲಿಗೂ ಅದನ್ನೇ ಪರದೆಯಂತೆ ಇಳಿಬಿಟ್ಟು, ಕೆಳಗೆ ನೆಲಕ್ಕೆ ತಾಗುವಲ್ಲಿ ಮರಳು ತುಂಬಿದ ಬಟ್ಟೆಯ ಉದ್ದ ಚೀಲ ಹೊಲಿದರೆ ಗಾಳಿಗೆ ಮೇಲೇಳುವುದಿಲ್ಲ.

ಇಷ್ಟು ಸಣ್ಣ ಕಣ್ಣಿನ ನೆಟ್ ಗಾಳಿಯನ್ನೂ ತಡೆಯುತ್ತದೆ, ಮತ್ತು ನಮ್ಮ ಸೀಮೆಯ ಮೇ-ಜೂನ್ ತಿಂಗಳ ಧಗೆಯಲ್ಲಿ ಕುದುರೆಯನ್ನು ಉಸಿರುಗಟ್ಟುವ ಕೋಣೆಯಲ್ಲಿ ಕೂಡಿಹಾಕುವುದು ನೊರಜಿಗಿಂತ ದೊಡ್ಡ ಹಿಂಸೆ. ಆದ್ದರಿಂದ ಫ್ಯಾನ್ ಬೇಕೇ ಬೇಕು. ಕುದುರೆಯ ಹೊಟ್ಟೆ ಮತ್ತು ಬೆನ್ನಿನ ಮೇಲೆ ಗಾಳಿ ನೇರವಾಗಿ ಹಾಯುವಂತೆ ಇಟ್ಟ ಒಂದು ದೊಡ್ಡ ಫ್ಯಾನ್ ಸೆಖೆಯನ್ನೂ ನೊರಜನ್ನೂ ಒಟ್ಟಿಗೇ ಓಡಿಸುತ್ತದೆ. ವಯರನ್ನು ಕುದುರೆಯ ಬಾಯಿ ಮುಟ್ಟದ ಎತ್ತರದಲ್ಲಿ ಪೈಪಿನೊಳಗೆ ಒಯ್ಯಬೇಕು, ಅರ್ಥಿಂಗ್ ಸರಿಯಿರಬೇಕು, ಸೋರಿಕೆ ಕಂಡರೆ ತಾನೇ ಕರೆಂಟ್ ಕಡಿಯುವ ಸಾಧನ ಹಾಕಿಸಬೇಕು. ಕುದುರೆಗೆ ಸಣ್ಣ ಶಾಕ್ ಕೂಡ ಪ್ರಾಣಾಂತಿಕವಾಗಬಹುದು. ಕರೆಂಟ್ ಹೋಗುವ ಊರುಗಳಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುವ ರೂಢಿಯಿದೆ. ಹೊರಗೆ, ಗಾಳಿ ಬರುವ ದಿಕ್ಕಿನಲ್ಲಿ, ಸ್ವಲ್ಪ ಹೊತ್ತು ಮಾತ್ರ ಹಾಕಿರಿ. ಮುಚ್ಚಿದ ಲಾಯದೊಳಗಿನ ಹೊಗೆ ಕುದುರೆಯ ಶ್ವಾಸಕೋಶವನ್ನು ಕೆಡಿಸುತ್ತದೆ. ರಾತ್ರಿ ಲಾಯದೊಳಗೆ ಬಲ್ಬ್ ಉರಿಸಬಾರದು. ಬೆಳಕು ಬೇಕಿದ್ದರೆ ದೂರದ ಕಂಬಕ್ಕೆ ಹಾಕಿ, ನೊರಜು ಅಲ್ಲಿಗೇ ಹೋಗಲಿ.

ನೆಲಕ್ಕೆ ನಮ್ಮಲ್ಲಿ ಶಹಾಬಾದಿನ ಪರ್ಸಿ ಹಾಸುವುದು ಸಾಮಾನ್ಯ. ತೊಳೆಯಲು ಅದು ಸುಲಭವಾದರೂ ಒದ್ದೆಯಾದಾಗ ಗೊರಸು ಜಾರುತ್ತದೆ, ಹಾಗಾಗಿ ಉಳಿಯಿಂದ ಗೀರು ಹಾಕಿಸಿ, ಗಂಜಳ ಹರಿದುಹೋಗುವಂತೆ ಹಿಂಬದಿಗೆ ಇಳಿಜಾರು ಕೊಡಬೇಕು. ಲದ್ದಿಯನ್ನು ದಿನಕ್ಕೆ ಎರಡು ಬಾರಿ ತೆಗೆದು, ಲಾಯದಿಂದ ದೂರದ ತಿಪ್ಪೆಗೆ ಹಾಕಿ, ಕರಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಬೇಕು. ಒಳಗಿನ ಕಾವಿಗೆ ನೊಣದ ಹುಳುಗಳು ಸಾಯುತ್ತವೆ. ಬಿಸಿಲುಗಾಲದಲ್ಲಿ ಮನೆನೊಣ ಮೊಟ್ಟೆಯಿಂದ ರೆಕ್ಕೆಯ ನೊಣವಾಗಲು ಏಳರಿಂದ ಹತ್ತು ದಿನ ಸಾಕು, ವಾರಕ್ಕೊಮ್ಮೆ ಬಳಿದರೆ ಏನೂ ಪ್ರಯೋಜನವಾಗುವುದಿಲ್ಲ. ಹೌದದ ಸುತ್ತ ಗರಸು ಹಾಕಿ ಒಣಗಿಸಿ, ಸೋರುವ ನಲ್ಲಿಯನ್ನು ಅಂದೇ ಸರಿಮಾಡಿಸಿ. ದನದ ಕೊಟ್ಟಿಗೆಯನ್ನೂ ಕುದುರೆಯ ಲಾಯವನ್ನೂ ಒಂದೇ ಗೋಡೆಗೆ ಕಟ್ಟದಿದ್ದರೆ ಒಳ್ಳೆಯದು, ಏಕೆಂದರೆ ಸಗಣಿಯಲ್ಲಿ ಹುಟ್ಟಿದ ನೊರಜು ಮೊದಲು ಪಕ್ಕದ ಮೈಯನ್ನೇ ಹುಡುಕುತ್ತದೆ.

ನಾಲ್ಕನೆಯ ಹೆಜ್ಜೆ: ಮೈಗೆ ಬಟ್ಟೆ

ವಿದೇಶಗಳಲ್ಲಿ ಈ ಬಾಧೆಗೆಂದೇ ಹೊಲಿದ ತೆಳು ಹೊದಿಕೆಗಳು ಸಿಗುತ್ತವೆ. ಇಲ್ಲಿ ನಾವು ಮಂಜರಪಾಟ ಬಟ್ಟೆಯಲ್ಲಿ ದರ್ಜಿಯಿಂದ ಹೊಲಿಸಿಕೊಂಡೆವು. ಕಂಬಳಿಯಾಗಲಿ ಗೋಣಿತಟ್ಟಾಗಲಿ ಬೇಡ. ಬೆವರಿಗೆ ಚರ್ಮ ಇನ್ನಷ್ಟು ಕೆಡುತ್ತದೆ. ಕಿವಿಯ ಹಿಂದಿನಿಂದ ಬಾಲದ ಬುಡದವರೆಗೆ ಅಳತೆ ತೆಗೆದು, ಅದರ ಮೇಲೆ ಒಂದು ಗೇಣು ಹೆಚ್ಚಿಗೆ ಇಡಬೇಕು. ಕುತ್ತಿಗೆಯ ಭಾಗ ಬೇರೆ ಕತ್ತರಿಸಿ ಸೇರಿಸಬೇಕು, ಇಲ್ಲದಿದ್ದರೆ ಮೇಯಲು ತಲೆ ಬಗ್ಗಿಸಿದಾಗ ಹೆಗಲ ಮೇಲೆ ಎಳೆದು ಉಜ್ಜುತ್ತದೆ. ಎಲ್ಲರೂ ಮರೆಯುವುದು ಹೊಟ್ಟೆಯ ಅಡಿಯ ಪಟ್ಟಿಯನ್ನು. ನೊರಜು ಹೆಚ್ಚಾಗಿ ಕೂರುವುದು ಅಲ್ಲಿಯೇ, ಆದ್ದರಿಂದ ಮುಂಗಾಲಿನಿಂದ ಹೊಕ್ಕುಳಿನ ಹಿಂದಿನವರೆಗೆ ಅಗಲವಾದ ಪಟ್ಟಿ ಇರಲೇಬೇಕು. ಎರಡು ಜೊತೆ ಹೊಲಿಸಿ, ಒಂದನ್ನು ಒಗೆದು ಒಣಗಿಸುವಾಗ ಇನ್ನೊಂದನ್ನು ಹಾಕಿ. ಪ್ರತಿದಿನ ಬಿಚ್ಚಿ ಮೈ ನೋಡದೆ ಮತ್ತೆ ಹಾಕಬಾರದು.

ಐದನೆಯ ಹೆಜ್ಜೆ: ಏನು ಹಚ್ಚಬೇಕು, ಏನು ಹಚ್ಚಲೇಬಾರದು

ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಎರಡನೆಯ ಮಳೆಗಾಲದಲ್ಲಿ ತುರಿಕೆ ರಕ್ತ ಹೀರುವ ಉಣ್ಣಿಯಿಂದಲೇ ಬಂದಿರಬೇಕೆಂದು ಭಾವಿಸಿ, ಅಂಗಡಿಯೊಂದರಲ್ಲಿ ದನದ ಉಣ್ಣಿಗೆ ಕೊಡುವ ಔಷಧವನ್ನು ತಂದು ನೀರಿಗೆ ಬೆರೆಸಿ ಕುದುರೆಯ ಮೈಗೆಲ್ಲ ಸವರಿದೆ. ಅದರಲ್ಲಿದ್ದದ್ದು ಅಮಿಟ್ರಾಜ್. ಮರುದಿನ ಬೆಳಿಗ್ಗೆ ಲಾಯದಲ್ಲಿ ಒಂದೇ ಒಂದು ಲದ್ದಿಯ ಉಂಡೆಯೂ ಇರಲಿಲ್ಲ. ಕುದುರೆ ತಲೆ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ, ಚಂದಿಯತ್ತ ತಿರುಗಿಯೂ ನೋಡದೆ ನಿಂತಿತ್ತು. ಹೊಟ್ಟೆಗೆ ಕಿವಿ ಹಚ್ಚಿದರೆ ಯಾವಾಗಲೂ ಕೇಳುವ ಗುಡುಗುಡು ಸದ್ದು ಪೂರ್ತಿ ನಿಂತುಹೋಗಿತ್ತು. ಪಶುವೈದ್ಯರು ಬಂದು ಮೂಗಿನ ಮೂಲಕ ನಳಿಕೆ ಇಳಿಸಿ ಎಣ್ಣೆ ಕೊಟ್ಟು, ಸಲೈನ್ ಹಾಕಿ, ಎರಡು ರಾತ್ರಿ ಕಾದ ಮೇಲೆ ಮೂರನೆಯ ದಿನ ಕರುಳು ಮತ್ತೆ ಚಲಿಸಿತು. ದನಕ್ಕೆ ನಡೆಯುವ ಅಮಿಟ್ರಾಜ್ ಕುದುರೆಯ ಕರುಳನ್ನು ಸ್ತಬ್ಧಗೊಳಿಸಿ ಕೊಲ್ಲಬಲ್ಲದು. ಡಬ್ಬಿಯ ಮೇಲೆ ಆ ಹೆಸರಿದ್ದರೆ ಕುದುರೆಯ ಹತ್ತಿರವೂ ತರಬೇಡಿ. ಹಾಗೆಯೇ ಸೀಮೆಎಣ್ಣೆ ಮತ್ತು ಗ್ಯಾರೇಜಿನ ಕರಿ ಆಯಿಲ್ ಹಚ್ಚುವ ರೂಢಿಯನ್ನೂ ಬಿಡಬೇಕು. ಅವು ಚರ್ಮವನ್ನು ಸುಡುತ್ತವೆ, ಮೈಯೊಳಗೂ ಇಳಿಯುತ್ತವೆ. ದನಕ್ಕೆಂದು ಬರುವ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಕುದುರೆಗೆ ತಾವೇ ಚುಚ್ಚುವುದೂ ಅಪಾಯಕರ.

ಹಚ್ಚಬಹುದಾದವುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ, ಕುದುರೆಗೆಂದು ನಮೂದಿಸಿದ ದ್ರಾವಣ ನೊರಜನ್ನು ಕೊಲ್ಲುವುದರ ಜೊತೆಗೆ ಹತ್ತಿರ ಬರದಂತೆಯೂ ತಡೆಯುತ್ತದೆ. ಪ್ರಮಾಣವನ್ನು ಡಬ್ಬಿಯ ಮೇಲಿನಂತೆ ಅಥವಾ ವೈದ್ಯರು ಹೇಳಿದಂತೆಯೇ ಇಟ್ಟುಕೊಳ್ಳಿ. ಇದು ಬೆಕ್ಕಿಗೆ ಮತ್ತು ಮೀನಿಗೆ ವಿಷ. ಮೈ ತೊಳೆದ ನೀರು ಕೆರೆ ಅಥವಾ ಕಾಲುವೆಗೆ ಸೇರಬಾರದು. ಶೇ. 25ರ ಬೆಂಜೈಲ್ ಬೆಂಜೊಯೇಟ್ ಲೋಷನ್ ಹಳೆಯದಾದರೂ ನಂಬಿಕಸ್ಥ ಮದ್ದು. ಅದನ್ನು ಒಡೆದ ಗಾಯದ ಮೇಲೆ, ಜೀನಿನ ಜಾಗದಲ್ಲಿ, ಕಣ್ಣಿನ ಬಳಿ ಹಚ್ಚಬಾರದು. ಉರಿ ತಡೆಯಲಾರದೆ ಕುದುರೆ ಒದೆಯುತ್ತದೆ. ಗಾಯವಾಗುವ ಮುನ್ನ ಹಚ್ಚಿದರೆ ಮಾತ್ರ ಇದರ ಲಾಭ. ಕೈಯಲ್ಲಿ ದುಡ್ಡಿಲ್ಲದವರು ಒಂದು ಪಾಲು ಬೇವಿನೆಣ್ಣೆಗೆ ಹತ್ತು ಪಾಲು ಕೊಬ್ಬರಿ ಎಣ್ಣೆ ಬೆರೆಸಿ ಸಂಜೆ ಹಚ್ಚಬಹುದು. ಎಣ್ಣೆಯ ಪದರಕ್ಕೆ ನೊರಜು ಕೂರಲು ಹಿಂಜರಿಯುತ್ತದೆ, ಆದರೆ ಪರಿಣಾಮ ಕೆಲವೇ ಗಂಟೆ ಉಳಿಯುವುದರಿಂದ ದಿನವೂ ಹಚ್ಚಬೇಕು. ಮಧ್ಯಾಹ್ನದ ಬಿಸಿಲಿಗೆ ಎಣ್ಣೆ ಹಚ್ಚಿ ನಿಲ್ಲಿಸಬೇಡಿ. ಯಾವುದೇ ಹೊಸ ಲೇಪನವನ್ನು ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಿ.

ಗಾಯವಾದ ಮೇಲೆ

ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಇರುವ ಶಾಂಪೂವನ್ನು ತಣ್ಣೀರಿನಲ್ಲಿ ನೊರೆ ಮಾಡಿ ಹತ್ತು ನಿಮಿಷ ಬಿಟ್ಟು ತೊಳೆದರೆ ಹೊಪ್ಪಳಿಕೆ ಮೆತ್ತಗಾಗಿ ತಾನೇ ಬಿಡುತ್ತದೆ, ಉಗುರಿನಿಂದ ಕೀಳಬಾರದು. ತೊಳೆದ ಮೇಲೆ ಚೆನ್ನಾಗಿ ಒಣಗಿಸಬೇಕು. ಕೀವು, ದುರ್ವಾಸನೆ ಅಥವಾ ಹುಳು ಕಂಡರೆ ಅಂದೇ ವೈದ್ಯರನ್ನು ಕರೆಯಿರಿ. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ಬಲಿಯಾಗುವ ಪ್ರಾಣಿ ಬೇರೆ ಇಲ್ಲವೆಂದೇ ಹೇಳಬಹುದು, ಲದ್ದಿಯಿರುವ ನೆಲದಲ್ಲಿ ತೆರೆದ ಗಾಯವೆಂದರೆ ಅದಕ್ಕೆ ಬಾಗಿಲು ತೆರೆದಂತೆ. ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಲಸಿಕೆ, ನಂತರ ವರ್ಷಕ್ಕೊಂದು ತಪ್ಪದೆ ಹಾಕಿಸಿರಬೇಕು.

ತುರಿಕೆ ತಡೆಯಲಾಗದ ಮಟ್ಟಕ್ಕೆ ಹೋದಾಗ ವೈದ್ಯರು ಸ್ಟೀರಾಯ್ಡ್ ಕೊಡಬಹುದು. ಅದು ಒಂದೆರಡು ದಿನದಲ್ಲಿ ಪವಾಡದಂತೆ ಕೆಲಸ ಮಾಡುತ್ತದೆ, ಆ ಪವಾಡವೇ ಅಪಾಯ. ಪದೇ ಪದೇ ಕೊಟ್ಟರೆ ಗೊರಸಿನೊಳಗಿನ ಪದರ ಊದಿಕೊಂಡು ಕುದುರೆ ನಿಲ್ಲಲಾರದಂತಾಗುವ ಲ್ಯಾಮಿನೈಟಿಸ್ ಬರಬಹುದು. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರುವ ಮದ್ದಲ್ಲ ಅದು. ಅಲರ್ಜಿಯ ಮಾತ್ರೆಗಳು ಕೆಲವು ಕುದುರೆಗಳಿಗೆ ಮಾತ್ರ ಸ್ವಲ್ಪ ಹಿತ ಕೊಡುತ್ತವೆ.

ಮೇವಿನ ವಿಷಯದಲ್ಲಿ ಹೇಳಬೇಕಾದದ್ದು ಒಂದೇ. ನಾವು ಚಟ್ನಿಪುಡಿಗೆ ಹುರಿಯುವ ಅಗಸೆಯೇ ಕುದುರೆಯ ಚರ್ಮಕ್ಕೂ ಒಳ್ಳೆಯದು, ಅದರಲ್ಲಿ ಒಮೇಗಾ-3 ಕೊಬ್ಬು ಹೇರಳವಾಗಿದೆ. ಅಂದಂದೇ ಪುಡಿ ಮಾಡಿ, ಒಂದು ಹಿಡಿಯಿಂದ ಶುರುಮಾಡಿ, 250 ಕಿಲೋ ತೂಕದ ನಮ್ಮ ನಾಡಕುದುರೆಗೆ ದಿನಕ್ಕೆ 250 ಗ್ರಾಂವರೆಗೆ ನಿಧಾನವಾಗಿ ಏರಿಸಬಹುದು. ಇದು ನೆರವು ಮಾತ್ರ, ಚಿಕಿತ್ಸೆಯಲ್ಲ.

ಬೇರೆ ಕೀಟಗಳು

ನೊರಜನ್ನು ತಡೆಯುವ ಏರ್ಪಾಡುಗಳಿಂದ ಉಳಿದ ನೊಣಗಳ ಕಾಟವೂ ತಗ್ಗುತ್ತದೆ. ಆದರೂ ಹಗಲಲ್ಲಿ ನೋವಾಗುವಂತೆ ಕಚ್ಚುವ ದೊಡ್ಡ ಕುದುರೆನೊಣದ ಬಗ್ಗೆ ಎಚ್ಚರವಿರಲಿ, ಅದು ಸರ್ರಾ ರೋಗದ ಪರೋಪಜೀವಿಯನ್ನು ಒಂದು ಮೈಯಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಬಿಟ್ಟು ಬಿಟ್ಟು ಜ್ವರ, ಇಳಿಯುತ್ತಿರುವ ಮೈ, ಕಾಲು ಮತ್ತು ಹೊಟ್ಟೆಯಡಿ ಬಾವು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಕಣ್ಣಿನ ಅಂಚಿಗೆ, ಗಾಯಕ್ಕೆ ಮುತ್ತುವ ನೊಣಗಳು ಹುಳುವಿನ ಮರಿಗಳನ್ನು ಅಲ್ಲಿ ಬಿಟ್ಟು ಮಾಯದ ಹುಣ್ಣನ್ನು ಉಂಟುಮಾಡುವುದರಿಂದ, ಕಣ್ಣಿಗೆ ದಾರದ ಗೊಂಡೆಗಳ ಪಟ್ಟಿ ಕಟ್ಟುವ ನಮ್ಮ ಹಳೆಯ ಪದ್ಧತಿ ಅಂದಕ್ಕಷ್ಟೇ ಅಲ್ಲ, ಆರೋಗ್ಯಕ್ಕೂ ಬೇಕು. ಕುರಿಗಾರರು ಇನ್ನೊಂದು ಮಾತನ್ನು ನೆನಪಿಡಬೇಕು: ತಟ್ಟುವಿಗೆ ತುರಿಕೆ ತರುವ ಈ ನೊರಜಿನ ಕುಲವೇ ಕುರಿಗಳಿಗೆ ನೀಲಿನಾಲಿಗೆ ರೋಗವನ್ನು ಹರಡುತ್ತದೆ. ಕುದುರೆ ಮೈ ಉಜ್ಜತೊಡಗಿತೆಂದರೆ ಹಟ್ಟಿಯನ್ನು ಹಸಿ ಜಾಗದಿಂದ ಎತ್ತುವ ಕಾಲ ಬಂದಿದೆ ಎಂದೇ ತಿಳಿಯಬಹುದು.

ಒಂದು ನೋಟ್‌ಬುಕ್ಕಿನಲ್ಲಿ ಮಳೆ ಬಿದ್ದ ದಿನ, ಮೊದಲು ಉಜ್ಜಿದ ದಿನ, ಉಜ್ಜಿದ ಜಾಗ ಇಷ್ಟನ್ನು ಬರೆದಿಡಿ. ವಾರಕ್ಕೊಮ್ಮೆ ಬಾಲದ ಬುಡದ ಫೋಟೊ ತೆಗೆದಿಡಿ. ಮೊದಲು ಉಜ್ಜಿದ ದಿನಕ್ಕಿಂತ ಮೂರು ವಾರ ಹಿಂದಿನ ತಾರೀಖೇ ಮುಂದಿನ ವರ್ಷ ನೀವು ನೆಟ್ ಕಟ್ಟಬೇಕಾದ ದಿನ.

ಹೊಸ ಕುದುರೆ ಕೊಳ್ಳುವಾಗ

ನಮ್ಮ ಸೀಮೆಗೂ ಕುದುರೆಗೂ ಹಳೆಯ ನಂಟು. 1470ರ ಆಸುಪಾಸಿನಲ್ಲಿ ಬೀದರಿಗೆ ಬಂದು ತಾನು ತಂದ ಕುದುರೆಯನ್ನು ಇಲ್ಲಿಯೇ ಮಾರಿದ ರಷ್ಯದ ವ್ಯಾಪಾರಿ ಅಫನಾಸಿ ನಿಕಿಟಿನ್, ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಬರೆದಿದ್ದಾನೆ. ಈಗ ನಮ್ಮವರು ಕುದುರೆಗಾಗಿ ಹೋಗುವುದು ಹೆಚ್ಚಾಗಿ ನಾಂದೇಡ ಜಿಲ್ಲೆಯ ಮಾಳೇಗಾಂವ ಖಂಡೋಬಾ ಜಾತ್ರೆಗೆ. ಅದು ಚಳಿಗಾಲದ ಜಾತ್ರೆ. ನೊರಜು ತಗ್ಗಿ, ಗಾಯ ಮಾಯ್ದು, ಕೂದಲು ಹೊಸದಾಗಿ ಚಿಗುರಿರುವ ಹೊತ್ತು. ಆದ್ದರಿಂದ ಕುದುರೆಯ ನಡಿಗೆ ನೋಡಿ ಮನಸೋಲುವ ಮೊದಲು ಬಾಲವನ್ನೆತ್ತಿ ಬುಡದ ಚರ್ಮವನ್ನು ಎರಡು ಬೆರಳಿನ ನಡುವೆ ಹಿಡಿದು ನೋಡಿ. ಅದು ತೆಳುವಾಗಿ ಜಾರಬೇಕು. ದಪ್ಪವಾಗಿ ಮಡಿಕೆ ಬಿದ್ದಿದ್ದರೆ, ಅಯಾಲಿನ ಬುಡದಲ್ಲಿ ಬೆರಳುದ್ದದ ಹೊಸ ಕೂದಲು ಮಾತ್ರ ನಿಂತಿದ್ದರೆ, ಹೊಟ್ಟೆಯ ನಡುಗೆರೆಯಲ್ಲಿ ಬಿಳಿ ಕೂದಲಿನ ಕಲೆಗಳಿದ್ದರೆ, ಹಿಂದಿನ ಮಳೆಗಾಲವನ್ನು ಅದು ಎಲ್ಲಿ ಕಳೆಯಿತೆಂದು ಮಾರುವವನನ್ನು ಕೇಳಿ, ನಿಮ್ಮ ಲಾಯದಿಂದ ಕಾಲುವೆಗೆ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿ, ಆಮೇಲೆ ಬೆಲೆ ಮಾತಾಡಿ.